ಮನೆ ಮಠವಾದ ವರುಷ

ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ಹಾದಿಯಲ್ಲಿ ತೆರಕಣಾಂಬಿ ಸಿಕ್ಕುತ್ತದೆ. ಹಳೆಯ ಊರು, ಅಲ್ಲಿಯ ಕಾಯಿಪಲ್ಯದ ಮಾರುಕಟ್ಟೆ ಸುತ್ತಣ ರೈತರಿಗೆಲ್ಲ ಪರಿಚಿತವಾದದ್ದು. ಅಲ್ಲಿ ಲಾರಿಗೇರಿದ ತರಕಾರಿ ಗುಂಡ್ಲುಪೇಟೆಯನ್ನು ದಾಟಿ, ಬಂಡೀಪುರದ ಕಾಡನ್ನು ಹಾದು, ಕೇರಳದ ಅಡಿಗೆಮನೆಗಳನ್ನು ಸೇರುತ್ತದೆ. ಈ ದಾರಿಯ ಬದಿಯ ಒಂದು ಹಳ್ಳಿಯಲ್ಲಿ ನಮಗೆ ಬೇಕಾದ ಒಂದು ಸಂಸಾರವಿದೆ. ಯಜಮಾನರು ಅಂಥದೊಂದು ಲಾರಿಯ ಚಾಲಕರು. ಗೃಹಿಣಿ ಉಪಾಧ್ಯಾಯರ ತರಬೇತಿ ಪಡೆದವರಾದರೂ ಕೆಲಸಕ್ಕೆ ಸೇರಿದವರಲ್ಲ. ಒಬ್ಬ ಮಗಳು, ಒಬ್ಬ ಮಗ, ವಯಸ್ಸಾದ ಒಬ್ಬ ತಾತ. ಕ್ರೈಸ್ತ ಮನೆತನ; ಮನೆಯ ಮಾತು, ಮನೆಯ ಪ್ರಾರ್ಥನೆ ಎರಡೂ ಕನ್ನಡ. ಹೆಸರು ಹಾಕಿಸಿಕೊಳ್ಳುವುದು ಅವರಿಗೆ ಇಷ್ಟವಿಲ್ಲವಾದುದರಿಂದ ನಾವೂ ಹೇಳುವುದಿಲ್ಲ.

ಮನೆ-ಮಠ ಎಂಬ ಜೋಡುಮಾತು ನಮ್ಮಲ್ಲಿ ಬಳಕೆಯಲ್ಲಿದೆ. ಈಗ ಅದಕ್ಕೆ ಇರಲೊಂದು ನೆಲೆ ಎಂಬಷ್ಟೇ ಅರ್ಥ ಉಳಿದಿದೆ. ಮಠವೆಂದರೆ ಅಕ್ಷರ ಕಲಿಸುವ ಸ್ಥಳವೂ ಹೌದೆಂಬುದು ನಮ್ಮ ಹಿರಿಯರಿಗೆ ತಿಳಿದಿತ್ತು. ಸರ್ಕಾರಿ ಶಾಲೆಗಳು ಊರೂರಿಗೆ ಬರುವ ಮುನ್ನ ಜಗಲಿಯ ಮೇಲೆ ಮರಳು ಹರಡಿ ಮಕ್ಕಳ ಬೆರಳು ಹಿಡಿದು ತಿದ್ದಿಸುತ್ತಿದ್ದುದು ಕೂಲಿಮಠಗಳಲ್ಲಿಯೇ. 2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ಸಾಂಕ್ರಾಮಿಕದಿಂದ ನಾಡಿನ ಶಾಲೆಗಳೆಲ್ಲ ಬಾಗಿಲು ಮುಚ್ಚಿದಾಗ, ಈ ಮನೆಯ ತಾಯಿ ತಮ್ಮ ಜಗಲಿಯನ್ನೇ ಮಠವಾಗಿ ಮಾಡಿಕೊಂಡರು. ಮಗಳು ಆಗ ಏಳನೆಯ ತರಗತಿ, ಮಗ ಮೂರನೆಯ ತರಗತಿ.

ಅಮೆರಿಕದಂಥ ದೇಶದಲ್ಲಿ ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ಓದಿಸುವ ಕ್ರೈಸ್ತ ಕುಟುಂಬಗಳು ಬಹಳವಾಗಿವೆ. ಅವರಲ್ಲಿ ಅನೇಕರಿಗೆ ಅದು ಶ್ರದ್ಧೆಯ ವಿಷಯ. ನಮ್ಮಲ್ಲಿ ಅಂಥವರು ವಿರಳ; ಅವರ ಮಕ್ಕಳು 1989ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಪರೀಕ್ಷೆಗಳಿಗೆ ಕೂಡುವುದುಂಟು. ಈ ತಾಯಿಗೆ ಅಂಥ ಸಿದ್ಧಾಂತವೇನೂ ಇರಲಿಲ್ಲ. ಶಾಲೆ ತೆರೆಯುವವರೆಗೆ ಮಕ್ಕಳು ಅಕ್ಷರ ಮರೆಯಬಾರದೆಂಬ ಒಂದೇ ಆತಂಕ ಅವರದು.

ಜುಲೈಯಲ್ಲಿ ದೂರದರ್ಶನದ ಚಂದನ ವಾಹಿನಿ ಪ್ರೌಢಶಾಲೆಯ ಮಕ್ಕಳಿಗೆ ಸೇತುಬಂಧ ಪಾಠಗಳನ್ನು ಆರಂಭಿಸಿತು. ಆಗಸ್ಟಿನಲ್ಲಿ ವಿದ್ಯಾಗಮ ಯೋಜನೆ ಬಂದು, ಉಪಾಧ್ಯಾಯರೇ ಮಕ್ಕಳಿದ್ದಲ್ಲಿಗೆ ಹೋಗಿ ದೇವಸ್ಥಾನದ ಅಂಗಳದಲ್ಲಿ, ಮರದ ನೆರಳಿನಲ್ಲಿ ಕಲಿಸತೊಡಗಿದರು. ಅಕ್ಟೋಬರಿನಲ್ಲಿ ಅದೂ ನಿಂತಿತು. ಉಳಿದದ್ದು ತಾಯಿಯ ಪಾಠ. ಮನೆಯಲ್ಲಿದ್ದುದೇ ಅವರ ಪಾಠೋಪಕರಣ. ಅರಿಶಿನ ತೂಗುವ ತಕ್ಕಡಿಯಲ್ಲಿ ಭಿನ್ನರಾಶಿ. ತಂದೆ ಹೋಗಿಬರುವ ದಾರಿಯಲ್ಲಿ ಭೂಗೋಳ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರ ನಿಷೇಧವಿದೆಯಷ್ಟೆ. ತೆರಕಣಾಂಬಿಯಲ್ಲಿ ಲಾರಿ ಎಷ್ಟು ಗಂಟೆಗೆ ಹೊರಟರೆ ಬಾಗಿಲು ಮುಚ್ಚುವುದರೊಳಗೆ ಅಪ್ಪ ಕಾಡು ದಾಟುತ್ತಾರೆ ಎಂಬುದು ಆ ಹುಡುಗನ ನಿತ್ಯದ ಲೆಕ್ಕವಾಗಿತ್ತು. ಲೆಕ್ಕ ತಪ್ಪಿದರೆ ಅಪ್ಪ ರಾತ್ರಿಯೆಲ್ಲ ರಸ್ತೆಯಲ್ಲಿ ಕಾಯಬೇಕೆಂದು ಅವನಿಗೆ ಗೊತ್ತಿದ್ದುದರಿಂದ ಅವನು ಎಚ್ಚರದಿಂದ ಮಾಡುತ್ತಿದ್ದನಂತೆ.

ಕನ್ನಡಕ್ಕೆ ಸರ್ವಜ್ಞನ ತ್ರಿಪದಿಗಳು ಮತ್ತು ಸತ್ಯವೇದ. ಈ ಎರಡು ಒಂದೇ ಜಗಲಿಯಲ್ಲಿ ಹೇಗೆ ಕೂಡಿದವೆಂದು ಯಾರೂ ಅಚ್ಚರಿಪಡಬೇಕಾಗಿಲ್ಲ. ಊರೂರು ಅಲೆದು ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದ ಉತ್ತಂಗಿ ಚನ್ನಪ್ಪನವರು ಕ್ರೈಸ್ತ ಪಾದ್ರಿಗಳು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದವರು. ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಅವರ ಬಹುಕಾಲದ ಶ್ರಮದಿಂದ ಇಡೀ ಸತ್ಯವೇದವು 1831ರ ಹೊತ್ತಿಗೆ ಕನ್ನಡವಾಗಿತ್ತು. ಇವನ್ನೆಲ್ಲ ತಾತ ಮೊಮ್ಮಕ್ಕಳಿಗೆ ಕಥೆಯಾಗಿ ಹೇಳುತ್ತಿದ್ದರು.

ರಾತ್ರಿಯ ಊಟಕ್ಕೆ ಮುಂಚೆ ಕುಟುಂಬಪ್ರಾರ್ಥನೆ. ನಮ್ಮ ಕ್ರೈಸ್ತ ಬಂಧುಗಳು ಉಪಕಾರಸ್ಮರಣೆಗೆ ಸ್ತೋತ್ರವೆನ್ನುತ್ತಾರೆ. ದಿನಕ್ಕೊಂದು ಸ್ತೋತ್ರವನ್ನು ಬರೆದು ಓದಬೇಕೆಂದು ತಾಯಿ ಮಕ್ಕಳಿಗೊಂದು ಪುಸ್ತಕ ಹೊಲಿದುಕೊಟ್ಟಿದ್ದರು. ಕೈಬರಹಕ್ಕೂ ಆಯಿತು, ಭಕ್ತಿಗೂ ಆಯಿತು. ಜೂನ್ 8ರವರೆಗೆ ದೇವಾಲಯಗಳೂ ಮುಚ್ಚಿದ್ದವು. ವರ್ಷಕ್ಕೊಮ್ಮೆ ಸುಗ್ಗಿಯ ಹಬ್ಬದಲ್ಲಿ ಸಭೆಯವರು ಕುಂಬಳಕಾಯಿ, ಅರಿಶಿನ, ಬಾಳೆಗೊನೆಗಳನ್ನು ವೇದಿಕೆಯ ಮುಂದೆ ತಂದಿಟ್ಟು, ಆಮೇಲೆ ಹರಾಜು ಹಾಕುವುದು ಪದ್ಧತಿ. ಆ ವರ್ಷ ಮಕ್ಕಳು ತಮ್ಮ ಹಿತ್ತಿಲ ಒಂದು ಕುಂಬಳಕಾಯನ್ನು ಜಗಲಿಯ ಮೇಲಿಟ್ಟು ಹಾಡಿದರು. ನೆರೆಯ ರೈತರು ಬಂದು, ಹರಾಜಿಗೆ ತಾವೊಬ್ಬರೇ ಕೂಗಿ, ಹತ್ತು ರೂಪಾಯಿಗೆ ಕೊಂಡುಹೋದರು.

ಇಡೀ ಕರ್ನಾಟಕದಲ್ಲಿ ರೋಗ ಹಬ್ಬಿದಾಗಲೂ 2020ರ ಜೂನ್ ಮೊದಲ ವಾರದವರೆಗೆ ಚಾಮರಾಜನಗರ ಜಿಲ್ಲೆಯಲ್ಲಿ ಒಬ್ಬ ರೋಗಿಯೂ ಇರಲಿಲ್ಲ. ಜಿಲ್ಲೆಯ ಜನಕ್ಕೆ ಅದೊಂದು ಹೆಮ್ಮೆಯ ಮಾತು. ಹುಡುಗನ ಪುಸ್ತಕದಲ್ಲಿ ಆ ತಿಂಗಳುಗಳ ಪುಟಗಳನ್ನು ನಾವು ನೋಡಿದೆವು. ನಮ್ಮ ಜಿಲ್ಲೆಯನ್ನು ಕಾಪಾಡಿದ್ದಕ್ಕೆ ಸ್ತೋತ್ರ ಎಂಬ ಒಂದೇ ವಾಕ್ಯ ಪುಟದಿಂದ ಪುಟಕ್ಕೆ ದುಂಡಗಿನ ಅಕ್ಷರಗಳಲ್ಲಿ ನಡೆದಿದೆ.

ಮರುವರ್ಷ ಆ ವಾಕ್ಯ ನಿಲ್ಲಲಿಲ್ಲ. 2021ರ ಮೇ 2 ಮತ್ತು 3ರಂದು ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯುಂಟಾಗಿ, ಒಂದು ದಿನದ ಅವಧಿಯಲ್ಲಿ 24 ಮಂದಿ ರೋಗಿಗಳು ತೀರಿಕೊಂಡರು. ಆ ಸುದ್ದಿ ದೇಶವನ್ನೆಲ್ಲ ಕಲಕಿತು. ಉಸಿರು ಎಂಬುದು ತೂಕದಿಂದ, ಸಿಲಿಂಡರಿನಿಂದ ಅಳೆಯುವ ವಸ್ತುವಾದುದನ್ನು ಆ ಹಳ್ಳಿಯ ಮಕ್ಕಳೂ ಕೇಳಿದರು. ಅದೇ ತಿಂಗಳು ಮನೆಯ ಯಜಮಾನರು ಜ್ವರ ಹಿಡಿದು ಮಲಗಿದರು. ಹತ್ತು ದಿನ ಹಿಂದಿನ ಕೋಣೆಯಲ್ಲಿದ್ದು ಎದ್ದರು. ಕುಂಬಳಕಾಯಿ ಕೊಂಡ ನೆರೆಯ ರೈತರಿಗೂ ಅದೇ ಜ್ವರ ಬಂದಿತು. ಅವರು ಏಳಲಿಲ್ಲ.

ತಂದೆ ಮತ್ತೆ ಊಟಕ್ಕೆ ಕುಳಿತ ಮೊದಲ ರಾತ್ರಿ ಹುಡುಗ ತನ್ನ ಪುಸ್ತಕವನ್ನು ತೆರೆದು, ‘ದೇವರು ನಮ್ಮ ಅಪ್ಪನನ್ನು ಉಳಿಸಿಕೊಟ್ಟದ್ದಕ್ಕೆ ಸ್ತೋತ್ರ’ ಎಂದು ಗಟ್ಟಿಯಾಗಿ ಓದಿದ. ಎರಡು ಮನೆಗಳ ನಡುವೆ ಇರುವುದು ಒಂದು ಮಣ್ಣಿನ ಗೋಡೆ. ಆಚೆಯ ಮನೆಯಲ್ಲಿ ಅವನಷ್ಟೇ ವಯಸ್ಸಿನ ಹುಡುಗಿಯಿದ್ದಳು. ತಾಯಿ ಕೈಯೆತ್ತಿ ಮಗನನ್ನು ತಡೆದರು.

‘ಆಚೆಯವಳು ಅದನ್ನು ಕೇಳಿದರೆ, ಅವಳಪ್ಪನನ್ನು ದೇವರು ಬೇಡವೆಂದನೇ ಎಂದು ನನ್ನನ್ನು ಕೇಳುತ್ತಾಳೆ. ನಾನೇನು ಹೇಳಲಿ?’

ಹುಡುಗನ ಬಳಿ ಉತ್ತರವಿರಲಿಲ್ಲ. ತಮ್ಮ ಬಳಿಯೂ ಇರಲಿಲ್ಲವೆಂದು ಆ ತಾಯಿ ನಮ್ಮೊಡನೆ ಸಂಕೋಚವಿಲ್ಲದೆ ಹೇಳಿದರು. ಗಂಡ ಬದುಕಿದ್ದಕ್ಕೆ ಎದೆ ತುಂಬಿತ್ತು, ನಿಜ. ಆದರೆ ಅದನ್ನು ನುಡಿದೊಡನೆ ಅದು ಪಕ್ಕದ ಮನೆಯವರ ಮೇಲೆ ಬೀಳುವ ಕಲ್ಲಾಗುತ್ತಿತ್ತು. ಕೆಲವು ರಾತ್ರಿ ಆ ಮನೆಯಲ್ಲಿ ಸ್ತೋತ್ರವನ್ನು ಓದಲಿಲ್ಲ. ತಾತ ಕೀರ್ತನೆಗಳ ಗ್ರಂಥವನ್ನು ತೆರೆದು, ಸ್ತುತಿಯ ಗೀತೆಗಳನ್ನು ಬಿಟ್ಟು, ಮೊರೆಯ ಗೀತೆಗಳನ್ನೇ ಓದಿಸಿದರಂತೆ. ದೇವರನ್ನು ಹೊಗಳುವ ಗ್ರಂಥದಲ್ಲಿಯೇ ದೇವರೊಡನೆ ಜಗಳವಾಡುವ ಮಾತುಗಳೂ ಇವೆಯೆಂದು ಮಗಳು ಮೊದಲ ಬಾರಿಗೆ ಗಮನಿಸಿದಳು.

ಒಂದು ವಾರದ ಮೇಲೆ ತಾಯಿ ಕನ್ನಡದ ಪಾಠಕ್ಕೆ ಕೃತಜ್ಞ ಎಂಬ ಪದವನ್ನು ತೆಗೆದುಕೊಂಡರು. ಕೃತವೆಂದರೆ ಮಾಡಿದ್ದು, ಜ್ಞನೆಂದರೆ ಬಲ್ಲವನು. ತನಗಾಗಿ ಇತರರು ಮಾಡಿದ್ದನ್ನು ಬಲ್ಲವನು ಕೃತಜ್ಞ, ಅದನ್ನು ಹಾಳುಗೆಡಹುವವನು ಕೃತಘ್ನ. ಒಂದು ಒತ್ತಕ್ಷರದಷ್ಟೇ ಅಂತರ. ತನಗೆ ಬಂದ ವಿಪತ್ತು ತಪ್ಪಿತೆಂಬ ನೆಮ್ಮದಿ ಮನುಷ್ಯನಿಗೆ ಸಹಜವಾದದ್ದು; ಅದಕ್ಕೆ ಕೃತಜ್ಞತೆಯೆಂಬ ಹೆಸರು ಸಲ್ಲುವುದಿಲ್ಲವೆಂದು ಅವರು ಮಕ್ಕಳಿಗೆ ವಿವರಿಸಿದರು. ಅಂದಿನಿಂದ ಪುಸ್ತಕಕ್ಕೆ ಹೊಸ ನಿಯಮವಾಯಿತು. ತಪ್ಪಿದ್ದನ್ನು ಬರೆಯಕೂಡದು, ಯಾರು ಏನು ಮಾಡಿದರು ಎಂಬುದನ್ನು ಬರೆಯಬೇಕು.

ಆ ಮೇಲಿನ ಪುಟಗಳು ಬೇರೆಯೇ ಆಗಿವೆ. ಅಪ್ಪನ ಜ್ವರವನ್ನು ದಿನವೂ ಬಂದು ನೋಡಿದ ಆಶಾ ಕಾರ್ಯಕರ್ತೆ. ಮಳೆಯಲ್ಲಿ ಕಂಬವೇರಿ ದೀಪ ಬರುವಂತೆ ಮಾಡಿದ ಲೈನ್‌ಮನ್. ತಮ್ಮ ಮನೆಯಲ್ಲಿಯೇ ಕಾಯಿಲೆಯಿದ್ದಾಗಲೂ ಬಾಗಿಲಲ್ಲಿ ಹಾಲಿನ ತಂಬಿಗೆ ಇಟ್ಟುಹೋದ ಪಕ್ಕದ ಮನೆಯ ಅಮ್ಮ. ಕೊನೆಯದನ್ನು ಬರೆದ ದಿನ ಹುಡುಗ ತಾನೇ ಎದ್ದು ಗೋಡೆಯಾಚೆಗೆ ಹೋಗಿ ಆ ಹುಡುಗಿಯನ್ನು ಪಾಠಕ್ಕೆ ಕರೆದುತಂದ. ಪ್ರಾರ್ಥನೆಯ ಹೊತ್ತಿಗೆ ಅವಳು ಮನೆಗೆ ಹೊರಟರೆ ಯಾರೂ ತಡೆಯುತ್ತಿರಲಿಲ್ಲ. ಕೂತಿದ್ದರೆ ಯಾರೂ ಏನನ್ನೂ ಹೇಳಿಕೊಡುತ್ತಿರಲಿಲ್ಲ. ಅವಳ ಮನೆಯಲ್ಲಿ ಅವಳ ದೇವರಿದ್ದಾನೆ ಎಂದು ತಾತ ಹೇಳುತ್ತಿದ್ದರಂತೆ.

2021ರ ಆಗಸ್ಟ್ 23ರಂದು ಪ್ರೌಢಶಾಲೆಗಳ ದೊಡ್ಡ ತರಗತಿಗಳೂ, ಅಕ್ಟೋಬರ್ 25ರಂದು ಚಿಕ್ಕ ಮಕ್ಕಳ ತರಗತಿಗಳೂ ತೆರೆದವು. ಮಕ್ಕಳು ಚೀಲ ಹೊತ್ತು ಹೊರಟರು. ಜಗಲಿ ಮತ್ತೆ ಬರಿಯ ಜಗಲಿಯಾಯಿತು. ಶಾಲೆ ತೆರೆದದ್ದೇ ಒಳ್ಳೆಯದಾಯಿತೆಂದು ತಾಯಿ ಹೇಳುತ್ತಾರೆ. ಮನೆಯೊಂದೇ ಎಲ್ಲವನ್ನೂ ಕಲಿಸಲಾರದು, ಹತ್ತು ಮನೆಯ ಮಕ್ಕಳೊಡನೆ ಬೆಂಚಿನಲ್ಲಿ ಕುಳಿತು ಕಲಿಯತಕ್ಕದ್ದು ಬಹಳವಿದೆಯೆಂದು ಅವರ ಅಭಿಪ್ರಾಯ. ಆದರೆ ಊಟಕ್ಕೆ ಮುಂಚಿನ ಅರ್ಧ ಗಂಟೆಯನ್ನು ಅವರು ಶಾಲೆಗೆ ಬಿಟ್ಟುಕೊಟ್ಟಿಲ್ಲ.

ಈಚೆಗೆ ಚೆಂಡುಹೂವಿನ ಕಾಲದಲ್ಲಿ ನಾವು ಅಲ್ಲಿಗೆ ಹೋಗಿದ್ದೆವು. ರಸ್ತೆಯ ಎರಡು ಬದಿಗೂ ಹೊಲಗಳು ಹಳದಿಯಾಗಿದ್ದವು. ದೂರದಲ್ಲಿ ಹಿಮವದ್ಗೋಪಾಲಸ್ವಾಮಿ ಬೆಟ್ಟ ಮೋಡದಲ್ಲಿ ಮರೆಯಾಗಿತ್ತು. ರಾತ್ರಿ ಲಾರಿಯ ಸದ್ದಾಗುವವರೆಗೆ ಊಟಕ್ಕೆ ಯಾರೂ ಏಳಲಿಲ್ಲ. ಆಮೇಲೆ ಪುಸ್ತಕ ತೆರೆಯಿತು. ಈಗ ಅದು ನಾಲ್ಕನೆಯ ಪುಸ್ತಕವಂತೆ. ಆ ದಿನ ಯಾರಿಗೂ ವಿಶೇಷವೇನೂ ಆಗಿರಲಿಲ್ಲ. ಮೀಸೆ ಮೂಡುತ್ತಿರುವ ಹುಡುಗ ಸ್ವಲ್ಪ ಯೋಚಿಸಿ, ಕಾಡಿನ ಬಾಗಿಲಲ್ಲಿ ಅಪ್ಪನಿಗೆ ಚಹ ಕೊಟ್ಟವರು ಯಾರೆಂದು ತಂದೆಯನ್ನು ಕೇಳಿ, ಅವರ ಹೆಸರನ್ನು ಬರೆದುಕೊಂಡ.