ನಾಡಾಳಿದವರ ಹಿರಿಮೆಯನ್ನು ತೂಗುವ ಬಗೆ

ಶಾಲಾ ಕಾಲೇಜುಗಳ ಚರ್ಚಾಸ್ಪರ್ಧೆಗಳಲ್ಲಿ ಮೇಲಿಂದ ಮೇಲೆ ಬರುವ ವಿಷಯಗಳಲ್ಲೊಂದು, 'ನಮ್ಮ ನಾಡಿನ ಮುಖ್ಯಮಂತ್ರಿಗಳಲ್ಲಿ ಶ್ರೇಷ್ಠರು ಯಾರು?' ಎಂಬುದು. ಒಬ್ಬ ವಿದ್ಯಾರ್ಥಿ ವಿಧಾನಸೌಧವನ್ನು ತೋರಿಸಿದರೆ ಮತ್ತೊಬ್ಬ ಭೂಸುಧಾರಣೆಯನ್ನು ಎತ್ತಿ ಹಿಡಿಯುತ್ತಾನೆ. ವಾದಕ್ಕೆ ಕಾವು ಬರುತ್ತದೆ. ಆದರೆ ತಾನು ಯಾವ ಅಳತೆಗೋಲಿನಿಂದ ಅಳೆಯುತ್ತಿದ್ದೇನೆ ಎಂಬುದನ್ನು ಮೊದಲು ಹೇಳುವವರು ವಿರಳ. ಕೋಲುಗಳೇ ಬೇರೆಬೇರೆಯಾದಾಗ ಅಳತೆಗಳು ಒಂದಕ್ಕೊಂದು ಕೂಡುವುದೆಂತು? ಆ ಕೋಲು ಎಂಥದಾಗಿರಬೇಕು ಎಂಬುದನ್ನು ವಿವರಿಸಿ, ಅದರಿಂದ ಕೆಲವರ ಹಿರಿಮೆಯನ್ನು ಅಳೆದು ನೋಡುವುದು ಈ ಲೇಖನದ ಉದ್ದೇಶ. ಚಿಕ್ಕಮಗಳೂರು ಜಿಲ್ಲೆಯಿಂದ ಇದುವರೆಗೆ ಯಾರೂ ಮುಖ್ಯಮಂತ್ರಿಯಾಗಿಲ್ಲವಾದುದರಿಂದ ಊರಭಿಮಾನದ ತೊಡಕು ನಮಗಿಲ್ಲ ಎಂಬುದೊಂದು ಅನುಕೂಲ.

'ಮಂತ್ರಿ' ಶಬ್ದದ ಮೂಲದಲ್ಲಿರುವುದು 'ಮಂತ್ರ'. ಇಲ್ಲಿ ಅದರ ಅರ್ಥ ಆಲೋಚನೆ, ಹಿತೋಪದೇಶ. ರಾಜನಿಗೆ ಹಿತವನ್ನು ಹೇಳುವವನು ಮಂತ್ರಿ. ರಾಜತ್ವವು ಪ್ರಜೆಗೆ ಸಂದ ಮೇಲೆ ಮುಖ್ಯಮಂತ್ರಿಯು ಹಿತವನ್ನು ಹೇಳಬೇಕಾದುದು, ಮಾಡಬೇಕಾದುದು ಪ್ರಜೆಗೇ. ಪ್ರಿಯವಾದುದನ್ನು ಹೇಳುವುದು ಸುಲಭ. ಹಿತವಾದುದನ್ನು ಮಾಡುವುದು ಕಠಿನ. ಈ ಪ್ರಿಯ-ಹಿತಗಳ ಭೇದವೇ ನಮ್ಮ ವಿಚಾರಕ್ಕೆ ಅಡಿಗಲ್ಲು.

ಅಮೆರಿಕದ ವಿದ್ವಾಂಸರು ತಮ್ಮ ರಾಷ್ಟ್ರಾಧ್ಯಕ್ಷರನ್ನು ಹೀಗೆ ಸಾಲುಗೂಡಿಸುವ ಪದ್ಧತಿಯನ್ನು ಬಹುಕಾಲದಿಂದ ಇಟ್ಟುಕೊಂಡಿದ್ದಾರೆ. 1948ರಲ್ಲಿ ಆರ್ಥರ್ ಶ್ಲೆಸಿಂಜರ್ ಎಂಬ ಇತಿಹಾಸಕಾರರು ಇತರ ವಿದ್ವಾಂಸರ ಅಭಿಪ್ರಾಯವನ್ನು ಕೇಳಿ ಸಿದ್ಧಪಡಿಸಿದ ಪಟ್ಟಿಯಲ್ಲಿ ಲಿಂಕನ್ ಮೊದಲಿಗರು, ವಾಷಿಂಗ್ಟನ್ ಎರಡನೆಯವರು. ಈ ಇಬ್ಬರ ಉನ್ನತಿಗೆ ಇಂದಿಗೂ ಕುಂದು ಬಂದಿಲ್ಲ. ಆದರೆ ಅದೇ ಪಟ್ಟಿಯ ಮೊದಲ ಆರರಲ್ಲಿ ಕುಳಿತಿದ್ದ ಆಂಡ್ರೂ ಜಾಕ್ಸನ್ 2021ರ ಒಂದು ಪಟ್ಟಿಯಲ್ಲಿ ಇಪ್ಪತ್ತೆರಡಕ್ಕೆ ಇಳಿದರು. 1830ರ ಕಾಯಿದೆಯಿಂದ ಮೂಲನಿವಾಸಿಗಳನ್ನು ಅವರ ನೆಲದಿಂದ ಎಬ್ಬಿಸಿದುದು ಮುಂದಿನ ಪೀಳಿಗೆಯ ಕಣ್ಣಿಗೆ ದೊಡ್ಡ ಕಳಂಕವಾಗಿ ಕಂಡಿತು. ಇದಕ್ಕೆ ವಿಪರೀತವಾಗಿ, 1962ರಲ್ಲಿ ಇಪ್ಪತ್ತರ ಆಚೆಗಿದ್ದ ಐಸೆನ್‌ಹೋವರ್ 2021ರಲ್ಲಿ ಐದನೆಯ ಸ್ಥಾನಕ್ಕೇರಿದರು. ಸತ್ತವರು ಹೊಸದಾಗಿ ಏನನ್ನೂ ಮಾಡಲಿಲ್ಲ. ಬದಲಾದುದು ನೋಡುವವರ ಕಣ್ಣು.

ಹಾಗಾದರೆ ತೂಕವೆಂಬುದೇ ಹುಸಿಯೆ? ಅಲ್ಲ. ನಮ್ಮ ಬೆಟ್ಟಸೀಮೆಯ ಬೆಳೆಗಾರರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಕುಯ್ದ ದಿನದ ಹಣ್ಣಿನ ತೂಕ ಬೇರೆ. ಕಣದಲ್ಲಿ ಒಣಗಿ, ಕ್ಯೂರಿಂಗ್ ಆಗಿ, ಸಿಪ್ಪೆ ಕಳೆದ ಮೇಲೆ ಕೈಗೆ ಬರುವ ಬೀಜದ ತೂಕ ಬೇರೆ. ಔಟ್‌ಟರ್ನ್ ತಿಳಿಯದೆ ಹಣ್ಣಿನ ರಾಶಿಯನ್ನು ನೋಡಿ ಬೀಗುವವನು ಜಾಣನಲ್ಲ. ಅಧಿಕಾರದಲ್ಲಿರುವವರ ಜಯಘೋಷವು ಹಸಿ ಹಣ್ಣಿನ ತೂಕ. ಅವರು ಹೋದ ಮೇಲೆ ಜನರ ಬದುಕಿನಲ್ಲಿ ಉಳಿದದ್ದು ಬೀಜದ ತೂಕ. ಆದಕಾರಣ ಇಂದು ನಮ್ಮೊಡನೆ ಇರುವವರನ್ನು ಈ ತಕ್ಕಡಿಯಲ್ಲಿ ಇಡುವುದು ಉಚಿತವಲ್ಲ. ಗತಿಸಿದವರ ವಿಷಯದಲ್ಲಿ ಮೂರು ಪ್ರಶ್ನೆಗಳನ್ನು ಕೇಳಬಹುದು. ಮಾಡಿದ ಕೆಲಸವು ಮಾಡಿದವರ ಆಸರೆಯಿಲ್ಲದೆ ನಿಂತಿತೆ? ಅದನ್ನು ಮಾಡುವಾಗ ಅವರು ತಮ್ಮದೇನನ್ನಾದರೂ ಕಳೆದುಕೊಳ್ಳಲು ಸಿದ್ಧರಿದ್ದರೆ? ಅದರ ಫಲವು ಕಟ್ಟಕಡೆಯವನ ಮನೆಗೆ ತಲುಪಿತೆ?

ಮೊದಲು ಕೆಂಗಲ್ ಹನುಮಂತಯ್ಯನವರು. 1952ರಿಂದ 1956ರವರೆಗೆ ಹಳೆಯ ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾಗಿದ್ದರು. ಕೆ. ಚೆಂಗಲರಾಯ ರೆಡ್ಡಿಯವರ ಕಾಲದಲ್ಲಿ, 1951ರಲ್ಲಿ, ನೆಹರೂ ಅವರಿಂದ ಶಂಕುಸ್ಥಾಪನೆಗೊಂಡ ವಿಧಾನಸೌಧಕ್ಕೆ ಇಂದಿನ ಭವ್ಯರೂಪವನ್ನು ಕೊಟ್ಟವರು ಇವರು. ದುಂದುವೆಚ್ಚದ ಆಕ್ಷೇಪ ಅಂದು ಬಲವಾಗಿಯೇ ಇತ್ತು. ಆದರೆ ಅವರ ಹಿರಿಮೆ ಕಲ್ಲುಕಟ್ಟಡದಲ್ಲಿಲ್ಲ, ಏಕೀಕರಣಕ್ಕೆ ಅವರಿತ್ತ ಬೆಂಬಲದಲ್ಲಿದೆ. ಕನ್ನಡ ಪ್ರದೇಶಗಳೆಲ್ಲ ಒಂದಾದರೆ ಹಳೆಯ ಮೈಸೂರಿನ ಪ್ರಾಬಲ್ಯವೂ ತಮ್ಮ ಜನವರ್ಗದ ಸಂಖ್ಯಾಬಲವೂ ಕುಗ್ಗುವುದೆಂದು ಅನೇಕರು ಹೆದರಿದ್ದ ಕಾಲವದು. ಆ ಲೆಕ್ಕ ತಿಳಿದಿದ್ದೂ ಅವರು ಏಕೀಕರಣದ ಪರ ನಿಂತರು. 1956ರ ಆಗಸ್ಟಿನಲ್ಲಿ ಪದವಿಯನ್ನು ಬಿಡಬೇಕಾಗಿ ಬಂದು, ನವೆಂಬರ್ 1ರಂದು ಹೊಸ ರಾಜ್ಯ ಉದಯಿಸಿದಾಗ ಆ ಪೀಠದಲ್ಲಿ ಅವರಿರಲಿಲ್ಲ. ಎರಡನೆಯ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿಲ್ಲ.

ಆ ಪೀಠವೇರಿದವರು ಎಸ್. ನಿಜಲಿಂಗಪ್ಪನವರು, ಏಕೀಕರಣಕ್ಕಾಗಿ ದೀರ್ಘಕಾಲ ದುಡಿದವರು. ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂಬ ಐದು ಆಡಳಿತಗಳ ಕಾನೂನು ಕಂದಾಯಗಳನ್ನು ಒಂದು ರಾಜ್ಯದ ಚೌಕಟ್ಟಿಗೆ ತರುವುದು ಸಾಮಾನ್ಯ ಕಾರ್ಯವಲ್ಲ. 1962ರಿಂದ 1968ರವರೆಗಿನ ಅವರ ಎರಡನೆಯ ಅವಧಿಯಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಿತು. ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟಿನ ಅಡಿಗಲ್ಲು ಬಿದ್ದಿತು. ಶರಾವತಿಯ ವಿದ್ಯುತ್ತು ನಾಡಿನ ಕೈಗಾರಿಕೆಗಳಿಗೆ ಚೇತನವಾಯಿತು. ಆದರೆ ಆ ಬೆಳಕಿಗಾಗಿ ಮುಳುಗಿದ ಮಲೆನಾಡಿನ ಹಳ್ಳಿಗಳ ಸಂತ್ರಸ್ತರು ಭೂಮಿಯ ಹಕ್ಕುಪತ್ರಕ್ಕಾಗಿ ದಶಕಗಟ್ಟಲೆ ಅಲೆದರು. ಇವೆರಡನ್ನೂ ಒಂದೇ ಪುಟದಲ್ಲಿ ಬರೆಯಬೇಕು.

ಡಿ. ದೇವರಾಜ ಅರಸು ಅವರ ವಿಷಯಕ್ಕೆ ಬಂದಾಗ ಈ ಸಂಪುಟದ ಓದುಗರಲ್ಲಿಯೇ ಎರಡು ಮನಸ್ಸು ಇರುವುದು ಸಹಜ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿಗೆ ಕೊಟ್ಟ ಜಮೀನು ಸರ್ಕಾರಕ್ಕೆ ಸೇರಿ, ಗೇಣಿದಾರನು ನಮೂನೆ 7ರಲ್ಲಿ ಅರ್ಜಿ ಕೊಟ್ಟು ನ್ಯಾಯಮಂಡಳಿಯ ಮುಂದೆ ಒಡೆತನವನ್ನು ಪಡೆಯುವಂತಾಯಿತು. 1961ರ ಮೂಲ ಕಾಯಿದೆ ಬಿ.ಡಿ. ಜತ್ತಿಯವರ ಕಾಲದ್ದು, ಅದಕ್ಕೆ ಹಲ್ಲು ಬಂದುದು ಈಗ. ಮಲೆನಾಡಿನ ಗದ್ದೆಗಳಲ್ಲಿ ತಲೆಮಾರುಗಳಿಂದ ಗೇಣಿ ಅಳೆಯುತ್ತಿದ್ದವರ ಮಕ್ಕಳು ಸ್ವಂತ ಪಹಣಿಯನ್ನು ಕಂಡರು. ಮತ್ತೊಂದು ಕಡೆ ಮಠ ದೇವಾಲಯಗಳು ಜಮೀನನ್ನು ಕಳೆದುಕೊಂಡವು. ಅದರ ಜೊತೆಗೆ, ಇದ್ದ ನಾಲ್ಕಾರು ಎಕರೆಯನ್ನೇ ಗೇಣಿಗೆ ಕೊಟ್ಟು ಜೀವಿಸುತ್ತಿದ್ದ ವಿಧವೆಯರೂ ಬಡ ಅರ್ಚಕರೂ ಕಂಗಾಲಾದರು. ನೋವು ಸುಳ್ಳಲ್ಲ. ಆದರೆ ಉತ್ತವನಿಗೆ ಒಡೆತನ ಸಿಕ್ಕಿದ ಮನೆಗಳ ಮಕ್ಕಳು ಶಾಲೆಗೆ ಬಂದರು ಎಂಬುದೂ ಸುಳ್ಳಲ್ಲ. 1972ರಲ್ಲಿ ನೇಮಕವಾಗಿ 1975ರಲ್ಲಿ ವರದಿಯಿತ್ತ ಹಾವನೂರು ಆಯೋಗವು ಹಿಂದುಳಿದವರಿಗೆ ವಿದ್ಯೆ ಉದ್ಯೋಗಗಳ ಬಾಗಿಲನ್ನು ತೆರೆಯಿತು. ಮೈಸೂರು ರಾಜ್ಯವು 1973ರಲ್ಲಿ ಕರ್ನಾಟಕವೆಂದು ಹೆಸರಾದುದೂ ಇವರ ಕಾಲದಲ್ಲಿಯೇ.

ಇವರ ಋಣದ ಪುಟವೂ ಖಾಲಿಯಲ್ಲ. ತುರ್ತುಪರಿಸ್ಥಿತಿಯ ಕಾಲದಲ್ಲಿ ರಾಜ್ಯವನ್ನು ಆಳಿದವರು ಇವರೇ. ಇವರ ಆಡಳಿತದ ಮೇಲಿನ ಆಪಾದನೆಗಳ ವಿಚಾರಣೆಗೆಂದು 1977ರಲ್ಲಿ ಕೇಂದ್ರವು ಗ್ರೋವರ್ ಆಯೋಗವನ್ನು ನೇಮಿಸಿತು. 1978ರ ನವೆಂಬರಿನ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರು ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರನ್ನು ಸೋಲಿಸಿದಾಗ ಬೆನ್ನಿಗೆ ನಿಂತಿದ್ದ ಅರಸು ಅವರು ಮರುವರ್ಷವೇ ಆಕೆಯಿಂದ ದೂರವಾದರು. ಇವೆಲ್ಲಕ್ಕಿಂತ ನಮ್ಮ ಸೀಮೆಗೆ ಹತ್ತಿರವಾದ ಕೊರತೆಯೊಂದಿದೆ. ಕಾಫಿ, ಚಹಾ, ಏಲಕ್ಕಿ, ಮೆಣಸು, ರಬ್ಬರ್ ತೋಟಗಳಿಗೆ ಆ ಕಾಯಿದೆಯ ಗರಿಷ್ಠ ಮಿತಿ ಅನ್ವಯಿಸಲಿಲ್ಲ. ತೋಟವನ್ನು ತುಂಡರಿಸಿದರೆ ಉತ್ಪನ್ನ ಕುಗ್ಗುವುದೆಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೂ ಗದ್ದೆಯ ಗೇಣಿದಾರನಿಗೆ ಒಡೆತನ ದೊರೆತ ಅದೇ ಊರಿನಲ್ಲಿ, ಲೈನ್‌ಮನೆಯಲ್ಲಿದ್ದು ತೋಟದಲ್ಲಿ ದುಡಿಯುವ ಕೂಲಿಯವನಿಗೆ ಅಂಗೈಯಗಲದ ನೆಲವೂ ದೊರೆಯಲಿಲ್ಲ. ಕಾಯಿದೆಯು ತೋಟದ ಬೇಲಿಯ ಬಳಿ ನಿಂತಿತು. ಮುಂದೆ 2020ರ ತಿದ್ದುಪಡಿಯಿಂದ, ಕೃಷಿಕರಲ್ಲದವರು ಜಮೀನು ಕೊಳ್ಳಲು 1974ರಲ್ಲಿ ಹಾಕಿದ್ದ ತಡೆಯೂ ಹೋಯಿತು. ಗೇಣಿದಾರನಿಗೆ ಸಿಕ್ಕ ಒಡೆತನ ಮಾತ್ರ ಅಳಿಯದೆ ಉಳಿದಿದೆ.

ರಾಮಕೃಷ್ಣ ಹೆಗಡೆಯವರ ಹಿರಿಮೆ ಅಧಿಕಾರವನ್ನು ಹಂಚಿದುದರಲ್ಲಿದೆ. 1983ರ ಕಾಯಿದೆಯ ಮೇರೆಗೆ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆದು, ಶೇಕಡ 25 ಸ್ಥಾನಗಳು ಮಹಿಳೆಯರಿಗೆ ಮೀಸಲಾದವು. ಈ ಕಾರ್ಯದ ನಿಜವಾದ ಶಿಲ್ಪಿ ಸಚಿವ ಅಬ್ದುಲ್ ನಜೀರ್ ಸಾಬರು; ಹಳ್ಳಿಹಳ್ಳಿಗೆ ಕೊಳವೆಬಾವಿಯನ್ನು ತಲುಪಿಸಿ 'ನೀರು ಸಾಬ್' ಎನಿಸಿಕೊಂಡವರು. ಸಂವಿಧಾನದ 73ನೆಯ ತಿದ್ದುಪಡಿ ಬರುವ ಮೊದಲೇ ಕರ್ನಾಟಕವು ಆ ದಾರಿಯಲ್ಲಿ ನಡೆದಿತ್ತು. ಆದರೆ ದೂರವಾಣಿ ಕದ್ದಾಲಿಕೆಯ ಪ್ರಕರಣದಿಂದ 1988ರಲ್ಲಿ ಹೆಗಡೆಯವರು ರಾಜೀನಾಮೆ ಕೊಡಬೇಕಾಯಿತು.

ಅಲ್ಪಾವಧಿಯೂ ಮಹತ್ತ್ವದ್ದಾಗಬಹುದು ಎಂಬುದಕ್ಕೆ ಎಸ್.ಆರ್. ಬೊಮ್ಮಾಯಿಯವರೇ ನಿದರ್ಶನ. ವರ್ಷ ತುಂಬುವ ಮೊದಲೇ, 1989ರಲ್ಲಿ, ಅವರ ಸರ್ಕಾರವನ್ನು ವಜಾ ಮಾಡಲಾಯಿತು. ಅವರು ಹೂಡಿದ ದಾವೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1994ರಲ್ಲಿ ಇತ್ತ ತೀರ್ಪು, ಬಹುಮತದ ಪರೀಕ್ಷೆ ಸದನದಲ್ಲಿಯೇ ನಡೆಯಬೇಕೆಂದು ಸಾರಿ ದೇಶದ ಎಲ್ಲ ರಾಜ್ಯಗಳಿಗೂ ರಕ್ಷೆಯಾಯಿತು. ಪದವಿಯಲ್ಲಿದ್ದು ಸಾಧಿಸಿದುದಕ್ಕಿಂತ ಪದವಿ ಕಳೆದುಕೊಂಡು ಸಾಧಿಸಿದುದೇ ಹೆಚ್ಚಾಯಿತು.

ಸಾಲುಗೂಡಿಸಲೇಬೇಕೆಂದರೆ ನನ್ನ ಅಭಿಪ್ರಾಯ ಹೀಗಿದೆ: ಮೂರನೆಯ ಪ್ರಶ್ನೆಯ ಬಲದಿಂದ ಅರಸು ಮೊದಲಿಗರು, ಎರಡನೆಯ ಪ್ರಶ್ನೆಯ ಬಲದಿಂದ ಹನುಮಂತಯ್ಯನವರು ಎರಡನೆಯವರು, ನಾಡನ್ನು ಒಂದು ಆಡಳಿತವಾಗಿ ನಿಲ್ಲಿಸಿದ ನಿಜಲಿಂಗಪ್ಪನವರು ಮೂರನೆಯವರು, ಹೆಗಡೆಯವರು, ನಜೀರ್ ಸಾಬರನ್ನೂ ಜೊತೆಗೆ ಸೇರಿಸಿಕೊಂಡು, ನಾಲ್ಕನೆಯವರು. ಲಿಂಗಾಯತ ಮಠದ ಶಾಲೆಯ ಸಂಪುಟದಲ್ಲಿ ನಿಜಲಿಂಗಪ್ಪನವರಿಗೆ ಮೂರನೆಯ ಸ್ಥಾನವೆ ಎಂದು ಯಾರಾದರೂ ಕೇಳಿದರೆ, ನಮ್ಮವರೆಂಬ ಕಾರಣಕ್ಕೆ ತಕ್ಕಡಿಯನ್ನು ಒತ್ತುವುದು ಶರಣಧರ್ಮವಲ್ಲ ಎಂಬುದೇ ಉತ್ತರ. ಇಂದು ಮುಖ್ಯಮಂತ್ರಿಗಳನ್ನು ಜಾತಿಯ ಪಾಲಿನಂತೆ ಹಂಚಿಕೊಂಡು ಜಯಂತಿ ಮಾಡುವ ರೂಢಿ ಬೆಳೆದಿದೆ. ಅದರಿಂದ ದೊಡ್ಡವರು ಚಿಕ್ಕವರಾಗುತ್ತಾರೆ.

ಉಪಾಧ್ಯಾಯ ಮಿತ್ರರಲ್ಲಿ ಒಂದು ವಿಜ್ಞಾಪನೆ. ಮುಂದಿನ ಚರ್ಚಾಸ್ಪರ್ಧೆಯಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ತಾನು ಮೆಚ್ಚಿದ ನಾಯಕನ ಒಂದು ತಪ್ಪನ್ನೂ, ಮೆಚ್ಚದ ನಾಯಕನ ಒಂದು ಉಪಕಾರವನ್ನೂ ಕಡ್ಡಾಯವಾಗಿ ಹೇಳಬೇಕೆಂಬ ನಿಯಮವನ್ನು ಇಡಿರಿ. ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಆ ದಿನ ಬಂದು ಕೇಳಲಿ. ಗೇಣಿದಾರನ ಮೊಮ್ಮಗನೂ ಜಮೀನು ಕಳೆದುಕೊಂಡ ಒಡೆಯನ ಮೊಮ್ಮಗಳೂ ಲೈನ್‌ಮನೆಯ ಹುಡುಗನೂ ಒಂದೇ ವೇದಿಕೆಯಲ್ಲಿ ನಿಂತು ತಮ್ಮ ತಮ್ಮ ಮನೆಗಳ ಲೆಕ್ಕವನ್ನು ಒಪ್ಪಿಸಿದರೆ, ತೂಕ ಸರಿಯಾಗುತ್ತದೆ.