ಕರ್ತೃಗಳು ಎರಡು, ಕ್ರಿಯಾಪದ ಒಂದು

ವ್ಯಾಕರಣವೆಂದರೆ ಪರೀಕ್ಷೆಯ ಹಿಂದಿನ ರಾತ್ರಿ ಬಾಯಿಪಾಠ ಮಾಡಿ ಮರುದಿನ ಮರೆಯತಕ್ಕ ಶಾಸ್ತ್ರವೆಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಆದರೆ ನಾವು ಯಾರನ್ನು ಯಾರೊಡನೆ ಕೂಡಿಸಿ ಎಣಿಸುತ್ತೇವೆ, ಯಾರನ್ನು ಮುಖ್ಯರೆಂದೂ ಯಾರನ್ನು ಬರಿಯ ಜೊತೆಗಾರರೆಂದೂ ಬಗೆಯುತ್ತೇವೆ ಎಂಬ ಲೆಕ್ಕವೆಲ್ಲ ಕ್ರಿಯಾಪದದ ಕೊನೆಯ ಒಂದೆರಡು ಅಕ್ಷರಗಳಲ್ಲಿ ಅಡಗಿರುತ್ತದೆ. ವಾಕ್ಯದಲ್ಲಿ ಕರ್ತೃ ಒಂದೇ ಇದ್ದಾಗ ಈ ಲೆಕ್ಕ ಸುಲಭ. ಎರಡು ಕೂಡಿ ಬಂದಾಗಲೇ ತೊಡಕು.

ನಮ್ಮ ವಿದ್ಯಾರ್ಥಿಗಳು ಈ ತೊಡಕನ್ನು ಮೊದಲು ಕಾಣುವುದು ಇಂಗ್ಲಿಷಿನಲ್ಲಿ. 'ರಾಮ ಆ್ಯಂಡ್ ಕೃಷ್ಣ' ಎಂದರೆ 'ಆರ್'. 'ಬ್ರೆಡ್ ಆ್ಯಂಡ್ ಬಟರ್' ಎಂದರೆ 'ಈಸ್'. 'ರಾಮ ಆ್ಯಜ್ ವೆಲ್ ಆ್ಯಜ್ ಹಿಸ್ ಬ್ರದರ್ಸ್' ಎಂದಾಗ ಜನ ಎಷ್ಟಿದ್ದರೂ 'ಈಸ್'. 'ನೈದರ್ ರಾಮ ನಾರ್ ಹಿಸ್ ಬ್ರದರ್ಸ್' ಎಂದಾಗ ಮಾತ್ರ ಹತ್ತಿರದ ಪದಕ್ಕೆ ಮಣಿದು 'ಆರ್'. ಇವೆಲ್ಲ ಪರದೇಶದ ಭಾಷೆಯೊಂದರ ಮೊಂಡುತನವೆಂದು ಹುಡುಗರು ತಿಳಿಯುತ್ತಾರೆ. ಹಾಗಲ್ಲ. ಇದರ ಹಿಂದಿರುವ ತರ್ಕವನ್ನು ನಮ್ಮ ಪಾಣಿನಿ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ತೂಗಿ ನೋಡಿದ್ದನು.

'ಬ್ರೆಡ್ ಆ್ಯಂಡ್ ಬಟರ್' ಏಕವಚನವಾಗುವುದು ಅವೆರಡೂ ಕೂಡಿ ಒಂದೇ ಆಹಾರವಾಗಿರುವುದರಿಂದ. ಸಂಸ್ಕೃತದಲ್ಲಿ ಇದಕ್ಕೆ ಸಮಾಹಾರ ದ್ವಂದ್ವವೆಂದು ಹೆಸರು. ಕೈಗಳೂ ಕಾಲುಗಳೂ ಹಲವಾದರೂ 'ಪಾಣಿಪಾದಂ' ಎಂಬ ಸಮಾಸ ನಪುಂಸಕಲಿಂಗದ ಏಕವಚನದಲ್ಲಿ ನಿಲ್ಲುತ್ತದೆ. ನಮ್ಮ ಅಡುಗೆಮನೆಗಳಲ್ಲಿ 'ರೊಟ್ಟಿಪಲ್ಯ ಆಯಿತು' ಎನ್ನುವಾಗಲೂ ಇದೇ ನ್ಯಾಯ. 'ಆದುವು' ಎಂದರೆ ಕೇಳಿದವರು ನಕ್ಕಾರು. ಇನ್ನು 'ಆ್ಯಜ್ ವೆಲ್ ಆ್ಯಜ್' ಸಂಗತಿ. 'ಒಡನೆ' ಎಂಬರ್ಥದ ಪದ ಸೇರಿದಾಗ ತೃತೀಯಾ ವಿಭಕ್ತಿ ಬರುವುದು ಅಪ್ರಧಾನನಿಗೆ ಎಂದು ಪಾಣಿನಿಯ ಸೂತ್ರ ವಿಧಿಸುತ್ತದೆ. ಪ್ರಧಾನನಾದವನೊಬ್ಬನು, ಅವನ ಹಿಂದೆ ಬಂದವನು ಇನ್ನೊಬ್ಬನು. ಕ್ರಿಯಾಪದವು ಪ್ರಧಾನನ ಮಾತನ್ನಷ್ಟೇ ಕೇಳುತ್ತದೆ. 'ರಾಮನು ಲಕ್ಷ್ಮಣನೊಡನೆ ಕಾಡಿಗೆ ಹೋದನು' ಎಂಬಲ್ಲಿ ಹೋದವರು ಇಬ್ಬರಾದರೂ ಕ್ರಿಯಾಪದ ಎಣಿಸಿದ್ದು ಒಬ್ಬನನ್ನೇ.

ಪುರುಷಭೇದದ ವಿಚಾರದಲ್ಲಂತೂ ಇಂಗ್ಲಿಷಿಗಿಂತ ನಮ್ಮ ಭಾಷೆ ಹೆಚ್ಚು ಸ್ಪಷ್ಟ. 'ನೀನೂ ಅವನೂ ಹೋದಿರಿ', 'ನಾನೂ ಅವನೂ ಹೋದೆವು', 'ನಾನೂ ನೀನೂ ಹೋದೆವು'. ಪ್ರಥಮಪುರುಷಕ್ಕಿಂತ ಮಧ್ಯಮ ಬಲವತ್ತರ, ಮಧ್ಯಮಕ್ಕಿಂತ ಉತ್ತಮ ಬಲವತ್ತರ. ಸಂಸ್ಕೃತದ ವ್ಯವಸ್ಥೆಯೂ ಇದೇ. ಮಾತನಾಡುವವನು ತನ್ನನ್ನು ಸೇರಿಸಿಕೊಂಡೊಡನೆ ಗುಂಪೆಲ್ಲ 'ನಾವು' ಆಗಿಬಿಡುತ್ತದೆ. ಇಂಗ್ಲಿಷಿನ 'ಆರ್' ಈ ಮೂರನ್ನೂ ಒಂದೇ ಬಟ್ಟೆಯಲ್ಲಿ ಮುಚ್ಚುತ್ತದೆ.

ಲಿಂಗದ ವಿಷಯದಲ್ಲಿ ಕನ್ನಡದ ಔದಾರ್ಯ ಗಮನಾರ್ಹ. ಹಿಂದಿಯಲ್ಲಿ ಗಂಡಸರೂ ಹೆಂಗಸರೂ ಕೂಡಿ ಬಂದರೆ ಕ್ರಿಯಾಪದ ಸಾಮಾನ್ಯವಾಗಿ ಪುಲ್ಲಿಂಗವನ್ನು ಧರಿಸುತ್ತದೆ. 'ರಾಮನೂ ಸೀತೆಯೂ ಬಂದರು' ಎಂಬ ನಮ್ಮ ವಾಕ್ಯದಲ್ಲಿ 'ಬಂದರು' ಎಂಬುದು ರಾಮನಿಗೆಷ್ಟೋ ಸೀತೆಗೂ ಅಷ್ಟೇ ಸಲ್ಲುತ್ತದೆ. 'ಊ' ಎಂಬ ಸಮುಚ್ಚಯವೂ ಇಬ್ಬರಿಗೂ ಸಮನಾಗಿ ಹತ್ತುತ್ತದೆ. ಇಂಗ್ಲಿಷಿನ 'ಆ್ಯಂಡ್' ನಡುವೆ ನಿಲ್ಲುವಂತೆ ಇದು ನಡುವೆ ನಿಲ್ಲದು. 'ನೈದರ್, ನಾರ್' ಎಂಬ ಸಂಕಟವಂತೂ ಇಂದಿನ ಕನ್ನಡಕ್ಕೆ ಇಲ್ಲವೇ ಇಲ್ಲ. 'ರಾಮನೂ ಬರಲಿಲ್ಲ, ಸೀತೆಯೂ ಬರಲಿಲ್ಲ' ಎನ್ನುವಾಗ 'ಇಲ್ಲ' ಎಂಬುದು ಲಿಂಗ ವಚನಗಳ ಗೊಡವೆಗೇ ಹೋಗುವುದಿಲ್ಲ. 'ರಾಮನೋ ಸೀತೆಯೋ ಬಂದಿರಬೇಕು' ಎಂಬಲ್ಲಿ 'ಬೇಕು' ಎಂಬುದೂ ಹಾಗೆಯೇ ನಿರ್ಲಿಪ್ತ. ಹಳಗನ್ನಡದಲ್ಲಿ ಬಾರನ್, ಬಾರಳ್, ಬಾರರ್ ಎಂದು ನಿಷೇಧಕ್ಕೂ ಬೇರೆ ಬೇರೆ ರೂಪಗಳಿದ್ದುವು. ಭಾಷೆ ನಡೆಯುತ್ತ ನಡೆಯುತ್ತ ಆ ಹೊರೆಯನ್ನು ಬಹುಮಟ್ಟಿಗೆ ಇಳಿಸಿಕೊಂಡಿತು.

ಹಾಗಾದರೆ ಕನ್ನಡಕ್ಕೆ ತೊಡಕೇ ಇಲ್ಲವೇ? ಇದೆ. ಹದಿಮೂರನೆಯ ಶತಮಾನದ ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ಗಂಡಸರೇ ಪುಲ್ಲಿಂಗ, ಹೆಂಗಸರೇ ಸ್ತ್ರೀಲಿಂಗ, ಉಳಿದುವು ನಪುಂಸಕವೆಂದು ಕನ್ನಡದ ಲಿಂಗವಿವೇಕವನ್ನು ಹೇಳಿದ್ದಾನೆ. ಮನುಷ್ಯರು ಒಂದು ಕಡೆ, ಪಶುಪಕ್ಷಿಗಳೂ ಜಡವಸ್ತುಗಳೂ ಇನ್ನೊಂದು ಕಡೆ. ಈ ಗೆರೆಯನ್ನು ದಾಟಿ ಇಬ್ಬರು ಕೂಡಿದರೆ ಗತಿಯೇನು? ಒಕ್ಕಲಿಗನೂ ಎತ್ತೂ ಹೊಲದಿಂದ ಬಂದರೋ, ಬಂದುವೋ?

ಮಹಾಪ್ರಸ್ಥಾನದ ಕಥೆ ಇಲ್ಲಿ ನೆನಪಾಗುತ್ತದೆ. ಐವರು ಪಾಂಡವರು, ಆರನೆಯವಳು ದ್ರೌಪದಿ, ಏಳನೆಯದು ನಾಯಿ. ವ್ಯಾಸಭಾರತವು ನಾಯಿಯನ್ನು ಈ ಎಣಿಕೆಯೊಳಗೆ ಸಂಕೋಚವಿಲ್ಲದೆ ಸೇರಿಸಿದೆ. ಸಂಸ್ಕೃತದಲ್ಲಿ ನಾಯಿಯ ಹೆಸರು ಪುಲ್ಲಿಂಗ. ಅಲ್ಲಿನ ತಿಙಂತ ಕ್ರಿಯಾಪದಕ್ಕೆ ಲಿಂಗವೇ ಇಲ್ಲ. ಆದ್ದರಿಂದ ಕವಿಗೆ ತೊಂದರೆಯಾಗಲಿಲ್ಲ. ಕನ್ನಡದಲ್ಲಿ ಹೇಳುವವನು ಮಾತ್ರ ನಿರ್ಧರಿಸಲೇಬೇಕು. ದ್ರೌಪದಿಯೂ ತಮ್ಮಂದಿರೂ ಬಿದ್ದ ಮೇಲೆ ಧರ್ಮರಾಯನೂ ನಾಯಿಯೂ 'ಉಳಿದುವು' ಎಂದರೆ ಅರಸನು ವಸ್ತುವಾಗುತ್ತಾನೆ. 'ಧರ್ಮರಾಯನು ನಾಯಿಯೊಡನೆ ಉಳಿದನು' ಎಂದರೆ ವ್ಯಾಕರಣ ಶುದ್ಧ. ಆದರೆ ನಾಯಿ ಅಪ್ರಧಾನವಾಯಿತು. 'ಉಳಿದರು' ಎಂದರೆ ನಾಯಿ ಮನುಷ್ಯರ ಸಾಲಿಗೆ ಏರಿತು. ನಾಯಿಯನ್ನು ಬಿಟ್ಟು ರಥವೇರೆಂದ ಇಂದ್ರನು ಎರಡನೆಯ ವಾಕ್ಯವನ್ನು ನಂಬಿದವನು. ಒಪ್ಪದೆ ನಿಂತ ಧರ್ಮರಾಯನು ಮೂರನೆಯದನ್ನು ನಂಬಿದವನು. ನಾಯಿಯೇ ಧರ್ಮದೇವತೆಯೆಂದು ಕೊನೆಗೆ ತಿಳಿದುಬಂದುದನ್ನು ವಾಚಕರು ಬಲ್ಲರು. ನಮ್ಮ ಹಳ್ಳಿಗಳಲ್ಲಿ ಕಥೆ ಹೇಳುವವರು 'ಉಳಿದರು' ಎಂದೇ ಹೇಳಿದರೆ ಅದನ್ನು ಅಪಶಬ್ದವೆನ್ನುವ ಧೈರ್ಯ ನನಗಂತೂ ಇಲ್ಲ.

ಈ ಪ್ರಶ್ನೆ ಪುರಾಣಕ್ಕೆ ಮೀಸಲಲ್ಲ. ನಮ್ಮ ಊರಿನ ಹೆಸರೇ ಒಂದು ಸಂಯುಕ್ತ ಕರ್ತೃ. ಸುಮಾರು 20 ಕಿಲೋಮೀಟರು ಅಂತರದ ಎರಡು ಪಟ್ಟಣಗಳನ್ನು 1962ರಲ್ಲಿ ಒಂದೇ ಪೌರಾಡಳಿತದ ಕೆಳಗೆ ತಂದರು. ಅಂದಿನಿಂದ ನಡುವೆ ಒಂದು ಅಡ್ಡಗೆರೆ. 'ಹುಬ್ಬಳ್ಳಿ-ಧಾರವಾಡ ಬೆಳೆದಿದೆ' ಎಂದು ಬರೆಯಬೇಕೋ, 'ಹುಬ್ಬಳ್ಳಿ ಧಾರವಾಡಗಳು ಬೆಳೆದಿವೆ' ಎನ್ನಬೇಕೋ? ಮೊದಲನೆಯದು ರೊಟ್ಟಿಪಲ್ಯದ ನ್ಯಾಯ, ಸಮಾಹಾರ. ಎರಡನೆಯದು ರಾಮ ಸೀತೆಯರ ನ್ಯಾಯ. ಒಂದು ಊರು ವ್ಯಾಪಾರ, ರೈಲ್ವೆಗಳ ನೆಲೆ. ಇನ್ನೊಂದು ವಿದ್ಯಾಲಯಗಳ, ಸಾಹಿತ್ಯ ಸಂಗೀತಗಳ ನೆಲೆ. ಏಕವಚನದಲ್ಲಿ ತಮ್ಮ ಊರು ಕೇವಲ 'ಒಡನೆ' ಬಂದ ಅಪ್ರಧಾನವಾಗಿದೆಯೆಂಬ ಕೊರಗು ಧಾರವಾಡದ ಹಲವರಲ್ಲಿತ್ತು. ಪ್ರತ್ಯೇಕ ಪಾಲಿಕೆಯ ಬೇಡಿಕೆ ಬೆಳೆದುದು ಆ ಕೊರಗಿನಿಂದಲೇ. 2025ರ ಜನವರಿಯಲ್ಲಿ ರಾಜ್ಯದ ಸಚಿವ ಸಂಪುಟವು ಧಾರವಾಡಕ್ಕೆ ಬೇರೆ ಮಹಾನಗರಪಾಲಿಕೆಯನ್ನು ಕೊಡಲು ಒಪ್ಪಿತು. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ 'ಇದೆ' ಎಂಬುದನ್ನು 'ಇವೆ' ಎಂದು ತಿದ್ದಲು ಒಪ್ಪಿತು.

ಈ ತಿದ್ದುಪಡಿ ಒಳಿತೋ ಕೆಡುಕೋ ಎಂಬುದನ್ನು ಪೌರರು ನಿರ್ಣಯಿಸಲಿ. ಭಾಷಾಶಾಸ್ತ್ರದವರು ಅದರಲ್ಲಿ ಬಾಯಿ ಹಾಕುವುದು ತರವಲ್ಲ. ಆದರೆ ಒಂದು ಮಾತನ್ನು ಹೇಳಬಹುದು. ಬಹುವಚನವೆಂದರೆ ಬೇರ್ಪಡೆಯಲ್ಲ. 'ರಾಮನೂ ಸೀತೆಯೂ ಬಂದರು' ಎಂಬಲ್ಲಿ ಇಬ್ಬರೂ ತಮ್ಮ ತಮ್ಮ 'ಊ'ಕಾರವನ್ನು ಉಳಿಸಿಕೊಂಡೇ ಒಂದು ಕ್ರಿಯೆಯಲ್ಲಿ ಕೂಡಿದ್ದಾರೆ. ಒಂದು ವಾಕ್ಯದಲ್ಲಿ ಇರಲು ಒಂದೇ ಪದವಾಗಬೇಕಾಗಿಲ್ಲ.