ಪಡವಲಕ್ಕೆ ಕಲ್ಲು ಕಟ್ಟುವ ತರಗತಿ

ಮಳೆ ಒಂದು ಗಳಿಗೆ ಬಿಟ್ಟಿದೆ. ಪುತ್ತೂರು, ಸುಳ್ಯ ಕಡೆಯ ಹಳ್ಳಿಗಳಲ್ಲಿ ಆಗಸ್ಟ್ ತಿಂಗಳ ಬೆಳಗೆಂದರೆ ಹೀಗೆಯೇ. ಹಂಚಿನ ಮಾಡಿನಿಂದ ನೀರು ಇನ್ನೂ ತೊಟ್ಟಿಕ್ಕುತ್ತಿರುವಾಗಲೇ ಬಿಸಿಲು ಬಿದ್ದು ಅಂಗಳದ ಹಸಿಮಣ್ಣಿನಿಂದ ಹಬೆ ಏಳುತ್ತದೆ. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರ ಹಿಂದೆ, ಬಿಸಿಯೂಟದ ಕೋಣೆಗೂ ಮುರಕಲ್ಲಿನ ಪಾಗಾರಕ್ಕೂ ನಡುವಿನ ಜಾಗದಲ್ಲಿ ಅಡಕೆ ಮರ ಸೀಳಿ ಕಟ್ಟಿದ ಚಪ್ಪರವಿದೆ. ಅದರಿಂದ ಬಿಳಿಗೆರೆಯ ಪಡವಲಕಾಯಿಗಳು ಇಳಿಬಿದ್ದಿವೆ. ಪ್ರತಿಯೊಂದರ ತುದಿಗೂ ಬಾಳೆನಾರಿನಲ್ಲಿ ಕಟ್ಟಿದ ಒಂದು ಪುಟ್ಟ ಕಲ್ಲು.

"ಟೀಚರ್, ಇದಕ್ಕೆ ಕಲ್ಲು ಕಟ್ಟದಿದ್ದರೆ ಏನಾಗ್ತದೆ?" ಆರನೆಯ ತರಗತಿಯ ಹುಡುಗನ ಪ್ರಶ್ನೆ.

"ಒಂದಕ್ಕೆ ಕಟ್ಟದೆ ಬಿಟ್ಟು ನೋಡುವ."

ನಾಲ್ಕು ದಿನ ಕಳೆಯುವುದರೊಳಗೆ ಆ ಒಂದು ಕಾಯಿ ಹಾವಿನಂತೆ ಸುತ್ತಿಕೊಂಡಿತು. ಉಳಿದವು ನೇರ ನೆಲಕ್ಕೆ ಮುಖ ಮಾಡಿ ಬೆಳೆದವು. ಭೂಮಿ ವಸ್ತುಗಳನ್ನು ತನ್ನತ್ತ ಎಳೆಯುತ್ತದೆ ಎಂಬ ಸಾಲನ್ನು ಈ ಮಕ್ಕಳು ಮುಂದೆ ಪುಸ್ತಕದಲ್ಲಿ ಓದುವಾಗ, ಅವರಿಗೆ ಅದು ಕೈಯಿಂದ ಗೊತ್ತಿರುವ ಸಂಗತಿಯಾಗಿರುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಕಾಯಿ ವಹಿಸಲಾಗಿದೆ. ಬೆಳಗಿನ ಪ್ರಾರ್ಥನೆ ಮುಗಿದ ಕೂಡಲೇ ಅಳತೆ. ಸ್ಕೇಲು ಸಾಲದೆ ಯಾರದೋ ಅಮ್ಮನ ಹೊಲಿಗೆ ಟೇಪು ಶಾಲೆಗೆ ಬಂದಿದೆ. ಅಳತೆಗಳೆಲ್ಲ ಗ್ರಾಫ್ ಹಾಳೆಯಲ್ಲಿ ಚುಕ್ಕಿಗಳಾಗಿ, ಚುಕ್ಕಿಗಳು ಸೇರಿ ಏರುವ ಗೆರೆಯಾಗಿ ಗೋಡೆಯ ಮೇಲಿವೆ.

ಪಕ್ಕದ ಹೀರೆಬಳ್ಳಿಯದು ಬೇರೆಯೇ ಕಥೆ. ಜುಲೈಯಲ್ಲಿ ಬಳ್ಳಿ ತುಂಬ ಹಳದಿ ಹೂ ಬಿಟ್ಟಿತು, ಹೂ ಉದುರಿತು, ಕಾಯಿ ಮಾತ್ರ ಕಚ್ಚಲಿಲ್ಲ. ಮಕ್ಕಳು ಕಂಗಾಲಾದರು. ಗಂಡು ಹೂ ಮೊದಲು, ಹೆಣ್ಣು ಹೂ ಆಮೇಲೆ ಎಂಬುದನ್ನು ಅವರಿಗೆ ಹೇಳಿದ್ದು ಟೀಚರಲ್ಲ, ಬಿಸಿಯೂಟದ ಅಕ್ಕ. ಹೆಣ್ಣು ಹೂವಿನ ಹಿಂದೆ ಬೆರಳ ತುದಿಯಷ್ಟು ಎಳೆಗಾಯಿ ಅಂಟಿಕೊಂಡಿರುತ್ತದೆ, ಅದೇ ಗುರುತು. ಇನ್ನೊಂದು ತೊಡಕೂ ಇತ್ತು. ಹೀರೆಯ ಹೂ ಅರಳುವುದು ಸಂಜೆ, ಶಾಲೆ ಬಿಡುವುದು ಅದಕ್ಕೆ ಮೊದಲು. ಹಾಗಾಗಿ ಮನೆಯ ಹಿತ್ತಿಲಲ್ಲಿ ಹೀರೆ ಇರುವವರು ಮುಸ್ಸಂಜೆ ಬಳ್ಳಿಯ ಹತ್ತಿರ ನಿಂತು ಯಾರು ಯಾರು ಹೂವಿಗೆ ಬರುತ್ತಾರೆಂದು ನೋಡಿ ಬರಬೇಕೆಂಬ ಮನೆಗೆಲಸ ಸಿಕ್ಕಿತು. ಮರುದಿನ ತರಗತಿಯಲ್ಲಿ ಪತಂಗಗಳ ವರದಿಯೋ ವರದಿ. ಮನೆಯಲ್ಲಿ ಬರೆಯುವ ಕೆಲಸವೆಂದರೆ ಮುಖ ಸಪ್ಪೆ ಮಾಡುವ ಹುಡುಗಿಯೊಬ್ಬಳು ಎರಡು ಪುಟ ಬರೆದು ತಂದಿದ್ದಳು. ಪಾಗಾರದ ಹೊರಗಿನ ಲೋಕವನ್ನು ಶಾಲೆ ಇಷ್ಟು ಸಲೀಸಾಗಿ ಒಳಗೆ ಕರೆದುಕೊಳ್ಳಬಲ್ಲದು ಎಂಬುದೇ ನನಗೆ ಸಂತೋಷದ ವಿಷಯ.

ಹತ್ತೂವರೆಗೆ ಬೆಂಡೆ ಕೊಯ್ಲು. ಬಿತ್ತಿ ಒಂದೂವರೆ ತಿಂಗಳಿಗೆ ಕೊಯ್ಲಿಗೆ ಬರುವ ಬೆಂಡೆ ಆಮೇಲೆ ಕಾಯುವುದಿಲ್ಲ. ದಿನ ಬಿಟ್ಟು ದಿನ ಕೊಯ್ಯದಿದ್ದರೆ ನಾರಾಗುತ್ತದೆ. ಶಾಲಾ ಮಂತ್ರಿಮಂಡಲದ ಕೃಷಿ ಮಂತ್ರಿ, ಏಳನೆಯ ತರಗತಿಯ ಗಂಭೀರ ಹುಡುಗಿ, ಸರದಿಪಟ್ಟಿ ಹಿಡಿದು ಸಾಲುಗಳ ನಡುವೆ ಓಡಾಡುತ್ತಾಳೆ. ಕೊಯ್ದದ್ದೆಲ್ಲ ಬಿಸಿಯೂಟದ ಕೋಣೆಯ ತಕ್ಕಡಿಗೆ. ಬಿಸಿಯೂಟದ ಲೆಕ್ಕದಲ್ಲಿ ಐದನೆಯ ತರಗತಿಯವರೆಗಿನ ಮಗುವಿಗೆ ದಿನಕ್ಕೆ 50 ಗ್ರಾಂ ತರಕಾರಿ, ಅದಕ್ಕಿಂತ ಮೇಲಿನ ತರಗತಿಯವರಿಗೆ 75 ಗ್ರಾಂ. ಚಿಕ್ಕವರು ನಲವತ್ತು, ದೊಡ್ಡವರು ಇಪ್ಪತ್ತನಾಲ್ಕು. ಕಪ್ಪುಹಲಗೆಯ ಮೇಲೆ ಗುಣಾಕಾರ ನಡೆಯುತ್ತದೆ: 2,000 ಗ್ರಾಂ, 1,800 ಗ್ರಾಂ, ಒಟ್ಟು 3 ಕಿಲೋ 800 ಗ್ರಾಂ. ತಕ್ಕಡಿಯಲ್ಲಿರುವುದು ಅದರ ಅರ್ಧಕ್ಕಿಂತ ತುಸು ಹೆಚ್ಚು. ಉಳಿದದ್ದಕ್ಕೆ ಸೌತೆಕಾಯಿ ಸೇರುತ್ತದೆ. ದಿನದಿನದ ಅಡುಗೆಯನ್ನು ಪೂರ್ತಿ ತೂಗಿಸುವ ಶಕ್ತಿ ಇಂಥ ಪುಟ್ಟ ತೋಟಕ್ಕಿಲ್ಲ, ಅದನ್ನು ಅದರಿಂದ ಬಯಸಲೂ ಬಾರದು. ತಟ್ಟೆಯಲ್ಲಿರುವುದು ಎಲ್ಲಿಂದ ಬಂತು, ಎಷ್ಟು ದುಡಿಮೆಯಿಂದ ಬಂತು ಎಂಬುದನ್ನು ಅದು ಕಲಿಸುತ್ತಿದೆಯಲ್ಲ, ಅದು ಬೇರಾವ ಕಡೆಯಿಂದಲೂ ಸಿಗದು.

ಅಡುಗೆ ಕೋಣೆಯಲ್ಲಿ ತೆಂಗಿನಕಾಯಿ ತುರಿಯುವ ಸದ್ದು. ಬಾಗಿಲಲ್ಲಿ ನಿಂತ ಮಕ್ಕಳಿಗೆ ಅಕ್ಕ ಕೆಲಸದ ನಡುವೆಯೇ ಹೇಳುತ್ತಾರೆ: "ಮೊದಲು ತೊಳೆದು ಆಮೇಲೆ ಕೊಚ್ಚುವುದು ಮಕ್ಕಳೇ. ಕೊಚ್ಚಿ ತೊಳೆದರೆ ಅದರ ಸತ್ವ ನೀರಿಗೆ ಹೋಗ್ತದೆ." ಇದು ಪೋಷಣೆಯ ಮೊದಲ ಪಾಠ. ನುಗ್ಗೆಸೊಪ್ಪಿನ ಪಲ್ಯಕ್ಕೆ ಲಿಂಬೆ ಹಿಂಡಿದರೆ ಅದರ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತುತ್ತದೆ ಎಂಬುದು ಎರಡನೆಯದು. ರಕ್ತಹೀನತೆ ಮನೆಮನೆಯಲ್ಲೂ ಇರುವ ನಾಡಿನಲ್ಲಿ ಹನ್ನೆರಡರ ಹುಡುಗಿಗೆ ಇದು ತಿಳಿದಿರಬೇಕು. ಊಟಕ್ಕೆ ಕೂತಾಗ ಗಮನಿಸಿ. ಪೇಟೆಯ ತರಕಾರಿಯ ಸಾಂಬಾರಿನಲ್ಲಿ ಹೋಳುಗಳನ್ನು ತಟ್ಟೆಯಂಚಿಗೆ ತಳ್ಳುವ ಮಕ್ಕಳು ತಮ್ಮ ಬೆಂಡೆಯ ಹೋಳನ್ನು ಹುಡುಕಿ ತಿನ್ನುತ್ತಾರೆ. "ಇದು ನಮ್ಮ ಸಾಲಿನದ್ದು" ಎಂದು ಒಬ್ಬ, "ಅಲ್ಲ, ನಮ್ಮದು" ಎಂದು ಇನ್ನೊಬ್ಬ. ಗೂಡಂಗಡಿಯಲ್ಲಿ ತೂಗುವ ಬಣ್ಣಬಣ್ಣದ ಪೊಟ್ಟಣಗಳ ಎದುರು ಉಪದೇಶ ಸೋಲುತ್ತದೆ. ತಾನೇ ಬೆಳೆಸಿದ್ದರ ಮೇಲಿನ ಈ ಅಭಿಮಾನ ಸೋಲುವಂಥದ್ದಲ್ಲ.

ಕರ್ನಾಟಕದಲ್ಲಿ ಈ ಬಿಸಿಯೂಟದ ಯೋಜನೆ, ಅಕ್ಷರ ದಾಸೋಹ, 2002ರಲ್ಲಿ ಶುರುವಾಯಿತು. ಶಾಲಾ ಪೌಷ್ಟಿಕ ಕೈತೋಟಗಳಿಗೆ ಕೇಂದ್ರದ ಮಾರ್ಗಸೂಚಿ ಬಂದದ್ದು 2019ರಲ್ಲಿ. ಜಾಗವಿಲ್ಲದ ಶಾಲೆಗಳು ತಾರಸಿಯಲ್ಲಿ, ಕುಂಡ, ಡಬ್ಬಿಗಳಲ್ಲಿ ಬೆಳೆಯಬಹುದೆಂದು ಅದು ಹೇಳುತ್ತದೆ. ಅದಕ್ಕೂ ಬಹಳ ಹಿಂದೆ, 1937ರಲ್ಲಿ, ಗಾಂಧೀಜಿ ವಾರ್ಧಾದಲ್ಲಿ ಕೈಗೆಲಸದ ಮೂಲಕವೇ ಕಲಿಯುವ ಶಿಕ್ಷಣವನ್ನು ಮುಂದಿಟ್ಟಿದ್ದರು. ಮಗುವನ್ನು ನಾಲ್ಕು ಗೋಡೆಯಿಂದ ಹೊರಗೆ ತರುವ ಶಿಕ್ಷಣದ ಪ್ರಯೋಗ ಪುತ್ತೂರಿಗೂ ಹೊಸತಲ್ಲ. ಶಿವರಾಮ ಕಾರಂತರ ಬಾಲವನ ಇರುವುದು ಇಲ್ಲಿಯೇ.

ಆದರೆ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ತೋಟದ ಕೆಲಸ ಎಂದೂ ಶಿಕ್ಷೆಯಾಗಬಾರದು. ತಡವಾಗಿ ಬಂದವನಿಗೆ ನೀರು ಹೊರುವ ಕೆಲಸ, ಲೆಕ್ಕ ತಪ್ಪಿದವನಿಗೆ ಕಳೆ ಕೀಳುವ ಕೆಲಸ ಕೊಟ್ಟರೆ, ಮಣ್ಣು ಮುಟ್ಟುವುದು ಕೀಳು ಎಂದು ಆ ಮಗುವಿಗೆ ನಾವೇ ಕಲಿಸಿದಂತೆ. ಗುದ್ದಲಿ ಹುಡುಗರಿಗೆ, ಗುಡಿಸುವುದು ಹುಡುಗಿಯರಿಗೆ, ಹಟ್ಟಿಗೊಬ್ಬರ ಹೊರುವುದು ಇಂಥವರ ಮನೆಯ ಮಕ್ಕಳಿಗೆ ಎಂಬ ಹಂಚಿಕೆ ಒಂದು ದಿನವೂ ಸಲ್ಲದು. ಕೃಷಿ ಮಂತ್ರಿಯ ಸರದಿಪಟ್ಟಿಯಲ್ಲಿ ಗೊಬ್ಬರದ ಬುಟ್ಟಿ ಎಲ್ಲರ ಹೆಸರಿನ ಮುಂದೆಯೂ ಬರುತ್ತದೆ. ಈ ತೋಟದಲ್ಲಿ ನಾನು ಅತ್ಯಂತ ಗೌರವದಿಂದ ನೋಡಿದ್ದು ಆ ಹಾಳೆಯನ್ನು.

ಮಧ್ಯಾಹ್ನದ ಮೇಲೆ ಅಲಸಂದೆಯ ಹಳೆಗಿಡಗಳನ್ನು ಕೀಳುತ್ತಾರೆ. ಬೇರಿನ ತುಂಬ ಸಾಸಿವೆಗಿಂತ ದಪ್ಪನೆಯ ಗಂಟುಗಳು. ಉಗುರಿನಿಂದ ಸೀಳಿದರೆ ಕೆಲವು ಒಳಗೆ ಗುಲಾಬಿ ಬಣ್ಣಕ್ಕಿವೆ. ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣಿಸುವ ಬ್ಯಾಕ್ಟೀರಿಯಾಗಳ ಮನೆ ಅದು. "ಹಾಗಾದರೆ ಇದನ್ನು ಬಿಸಾಡುವುದು ಬೇಡ, ಇಲ್ಲೇ ಮುಚ್ಚುವ" ಎಂದು ಮಕ್ಕಳೇ ತೀರ್ಮಾನಿಸಿ ಮಣ್ಣು ಎಳೆಯುತ್ತಾರೆ. ನವರಾತ್ರಿ ಕಳೆದ ಮೇಲೆ ಅದೇ ಸಾಲಿನಲ್ಲಿ ಕೆಂಪು ಹರಿವೆ, ಆಚೆ ಬದಿಗೆ ಬಸಳೆ. ಮಳೆ ನಿಂತಾಗ ಕೈ ತೊಳೆಯುವ ನಳ್ಳಿಯ ನೀರು ಕಣಿಯಲ್ಲಿ ಹರಿದು ಬಾಳೆಯ ಬುಡಕ್ಕೆ ಹೋಗುತ್ತದೆ.

ಕಷ್ಟಗಳೂ ಇವೆ. ನವಿಲು ಬಿತ್ತಿದ ಬೀಜವನ್ನೇ ಹೆಕ್ಕುತ್ತದೆ, ಮಂಗಗಳು ಅರ್ಧ ಕಚ್ಚಿ ಎಸೆಯುತ್ತವೆ. ಏಪ್ರಿಲ್, ಮೇ ರಜೆಯಲ್ಲಿ ನೀರುಣಿಸುವವರಿಲ್ಲ. ಶಾಲೆಯ ಪಕ್ಕದ ಎರಡು ಮನೆಯವರು ಬಸಳೆಗೆ ನೀರು ಹಾಕಿ ಬೇಕಾದಷ್ಟು ಕೊಯ್ದುಕೊಳ್ಳುವುದೆಂದು ಮಾತಾಗಿದೆ. ನುಗ್ಗೆ, ಪಪ್ಪಾಯಿ, ಕರಿಬೇವು ತಮ್ಮಷ್ಟಕ್ಕೆ ಬದುಕುತ್ತವೆ.

ಈಗ ಚಳಿಗಾಲಕ್ಕೆ ಏನು ಹಾಕುವುದೆಂಬ ಚರ್ಚೆ ನಡೆದಿದೆ. ಮೂರನೆಯ ತರಗತಿಯವನಿಗೆ ಹೂಕೋಸು ಬೇಕು, ಗೋಬಿ ಮಂಚೂರಿ ಮಾಡಲಿಕ್ಕೆ. ಕರಾವಳಿಯ ಸೆಕೆಗೆ ಹೂಕೋಸು ಗಡ್ಡೆ ಕಟ್ಟುವುದು ಕಷ್ಟ ಎಂದು ಅಕ್ಕ ತಲೆಯಾಡಿಸುತ್ತಾರೆ. ಕೃಷಿ ಮಂತ್ರಿ ಟೀಚರ ಮುಖ ನೋಡುತ್ತಾಳೆ. "ಒಂದು ಸಾಲು ಹಾಕಿ ನೋಡುವ" ಎನ್ನುತ್ತಾರೆ ಟೀಚರ್. ಹುಡುಗ ಆಗಲೇ ಜಾಗ ಗುರುತಿಸಲು ಕೋಲು ಹುಡುಕುತ್ತಿದ್ದಾನೆ.